ತೊಟ್ಟಿ ಓಡಿಸುವ ಕೋಳಿ

ಅತ್ತೆಯನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುವ ಕೆಲಸ ಕೊನೆಗೆ ಯಾರ ತಲೆಗೆ ಬಂತು ಅಂದರೆ, ಜನ ನಡೆಯದಂತೆ ನೋಡಿಕೊಳ್ಳುವುದೇ ಹೊಟ್ಟೆಪಾಡಾಗಿದ್ದ ಅಳಿಯನ ತಲೆಗೆ. ಅವನು ಲಿಫ್ಟ್ ಮೆಕ್ಯಾನಿಕ್. ಹತ್ತೊಂಬತ್ತು ವರ್ಷದಿಂದ ಜನರನ್ನು ಮೆಟ್ಟಿಲುಗಳ ಕಾಟದಿಂದ ಪಾರು ಮಾಡುತ್ತ ಬಂದಿದ್ದ. ಎರಡನೇ ಮಹಡಿಗೆ ಹೋಗಬೇಕಾದ ಗಟ್ಟಿಮುಟ್ಟು ಆಳು ಲಿಫ್ಟಿಗೆ ಕಾಯುತ್ತ ನಿಂತಿರುವುದನ್ನು ಕಂಡರೆ ಅವನಿಗೆ ಒಳಗೊಳಗೇ ಹೆಮ್ಮೆ. ಅಂಥವನಿಗೆ ವ್ಯಾಯಾಮದ ಡಾಕ್ಟರು ಬಾಗಿಲ ಬಳಿ ನಿಲ್ಲಿಸಿ ದನಿ ತಗ್ಗಿಸಿ ಹೇಳಿದರು: "ಮೂಳೆ ಕೂಡಿಕೊಂಡಿದೆ. ಇನ್ನು ಎಂಟು ವಾರದೊಳಗೆ ಇವರು ನಡೆಯೋಕೆ ಶುರು ಮಾಡ್ಲಿಲ್ಲ ಅಂದ್ರೆ, ಆಮೇಲೆ ನಡೆಯಲ್ಲ. ನೀವೇ ಏನಾದ್ರೂ ಮಾಡಿ."

ಅತ್ತೆ ಮೂವತ್ತೆರಡು ವರ್ಷ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಅಷ್ಟು ವರ್ಷದಲ್ಲಿ ಒಂದೇ ಒಂದು ಟಿಕೆಟ್ ತಪ್ಪು ಹರಿದವರಲ್ಲ, ಹಾಗೂ ಈ ವಿಷಯ ಗೊತ್ತಿಲ್ಲದವರು ಅವರ ಪರಿಚಯಸ್ಥರಲ್ಲಿ ಒಬ್ಬರೂ ಇರಲಿಲ್ಲ. ಒಂಟಿಯಾಗಿದ್ದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದು, ಆಪರೇಷನ್ ಮುಗಿಸಿಕೊಂಡು ಮಗಳ ಮನೆಗೆ ಬಂದಿದ್ದರು. ಬಂದ ಮೊದಲ ವಾರ ಸುಮ್ಮನಿದ್ದರು. ಎರಡನೇ ವಾರ ಬೇಜಾರಾಗಿ ಮಗಳ ಫೋನಿನಲ್ಲಿ ಒಂದು ಕಾರ್ ರೇಸಿನ ಆಟ ಶುರು ಮಾಡಿದರು. ಒಂದು ತಿಂಗಳಾಗುವಷ್ಟರಲ್ಲಿ ಅವರ ಹೆಬ್ಬೆರಳುಗಳಿಗೆ ಬಂದ ಚುರುಕು ಕಾಲಿಗೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಂಚದ ಪಕ್ಕ ನಿಲ್ಲಿಸಿದ್ದ ಹೊಸ ವಾಕರ್ ಮೇಲೆ ಎರಡು ಟವೆಲು, ಒಂದು ಶಾಲು ಒಣಗುತ್ತಿದ್ದವು. ಮಗಳ ತೋಳು ಹಿಡಿದು ಬಚ್ಚಲಿಗೆ ಹೋಗಿ ಬರುವ ನಾಲ್ಕು ಹೆಜ್ಜೆ ಬಿಟ್ಟರೆ ಅತ್ತೆ ನೆಲಕ್ಕೆ ಕಾಲು ಊರುತ್ತಿರಲಿಲ್ಲ.

ಡಾಕ್ಟರು ಹೋದ ಮೇಲೆ ಅಳಿಯ ತಡೆಯಲಾರದೆ ಬಾಯಿ ಬಿಟ್ಟ.

"ಅತ್ತೆ, ಫೋನಲ್ಲಿ ಮುನ್ನೂರು ಸ್ಪೀಡಲ್ಲಿ ಹೋಗ್ತೀರಿ. ಬಾಗಿಲ ತನಕ ಬರೋಕೆ ಆಗಲ್ವಾ?"

ಅತ್ತೆ ರೇಸ್ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಮುಗಿದ ಮೇಲೆ ಕನ್ನಡಕದ ಮೇಲಿಂದ ನೋಡಿದರು.

"ಇದೇನು ಸುಲಭ ಅಂದ್ಕೊಂಡ್ರಾ ಅಳಿಯಂದ್ರೇ? ಒಂದು ಕೆಲಸ ಮಾಡಿ. ಒಂದೇ ಒಂದು ವಾರ ಈ ಆಟದಲ್ಲಿ ನನ್ನ ಸೋಲಿಸಿ. ಮಾರನೇ ದಿನದಿಂದ ಹೊರಗಡೆ ಕಾರಿಡಾರಲ್ಲಿ ದಿನಕ್ಕೆ ಹತ್ತು ಸುತ್ತು ನಡೀತೀನಿ. ಅಲ್ಲೀವರೆಗೂ ನಡಿಗೆ ಅನ್ನೋ ಮಾತು ಈ ಮನೇಲಿ ಯಾರ ಬಾಯಲ್ಲೂ ಬರಕೂಡದು."

"ಅಮ್ಮಾ!" ಎಂದಳು ಮಗಳು.

"ನಿನಗೂ ಸೇರಿಸಿಯೇ ಹೇಳಿದ್ದು."

ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಅದೇ ಸಂಜೆ ಅಳಿಯ ತನ್ನ ಫೋನಿಗೂ ಆಟ ಇಳಿಸಿಕೊಂಡ. ಚಿಕ್ಕಮಕ್ಕಳ ಆಟ, ಎಷ್ಟು ಕಷ್ಟ ಇದ್ದೀತು ಎಂಬ ಧೈರ್ಯ.

ಆಟ ಹೀಗಿತ್ತು. ವಾರಕ್ಕೆ ಮೂರು ಟ್ರ್ಯಾಕು. ಪ್ರತಿಯೊಂದಕ್ಕೂ ಒಬ್ಬ ಚಾಲಕ, ಒಂದು ಗಾಡಿ, ಗಾಳಿಯಲ್ಲಿ ಹಾರುವಾಗ ಬಿಚ್ಚಿಕೊಳ್ಳಲು ಒಂದು ಪ್ಯಾರಾಚೂಟು ಆರಿಸಿಕೊಳ್ಳಬೇಕು. ಆದರೆ ಎಲ್ಲ ಗಾಡಿಯೂ ಎಲ್ಲ ಟ್ರ್ಯಾಕಿಗೂ ಒಗ್ಗುವುದಿಲ್ಲ. ಒಂದು ಕಡೆ ಫಸ್ಟ್ ಕ್ಲಾಸ್ ಎನಿಸಿಕೊಂಡದ್ದು ಇನ್ನೊಂದು ಕಡೆ ಥರ್ಡ್ ಕ್ಲಾಸ್. ಆಡುತ್ತ ಆಡುತ್ತ ಸಿಗುವ ಚೀಟಿಗಳನ್ನು ಸುರಿದು ಗಾಡಿಯ ಲೆವೆಲ್ ಏರಿಸಿದರೆ, ಅದು ಇನ್ನೊಂದೆರಡು ಟ್ರ್ಯಾಕಿನಲ್ಲಿ ಫಸ್ಟ್ ಕ್ಲಾಸಿಗೆ ಬಡ್ತಿ ಪಡೆಯುತ್ತದೆ. ಭಾನುವಾರ ಸಂಜೆ ಆರಕ್ಕೆ ಮೂರೂ ಟ್ರ್ಯಾಕಿನ ಪಾಯಿಂಟು ಕೂಡಿಸಿ ವಾರ ಮುಚ್ಚುತ್ತದೆ. ಯಾವ ದರ್ಜೆಗೆ ಯಾವ ರೈಲು ಎಂದು ಮೂವತ್ತೆರಡು ವರ್ಷ ನೋಡಿದ ಅತ್ತೆಗೆ ಇದೆಲ್ಲ ನೀರು ಕುಡಿದಷ್ಟು ಸುಲಭವಾಗಿತ್ತು. ಅಳಿಯ ಮಾತ್ರ ಚೆಂದ ಕಂಡ ಕಪ್ಪು ಕಾರೊಂದನ್ನು ಹಿಡಿದು ಮೂರೂ ಟ್ರ್ಯಾಕಿನಲ್ಲಿ ಮಣ್ಣು ಮುಕ್ಕಿದ. ಮೊದಲ ವಾರ ಅತ್ತೆಗೆ ಮೂವತ್ತೊಂದು ಸಾವಿರ, ಅಳಿಯನಿಗೆ ಒಂಬತ್ತು.

"ಪರವಾಗಿಲ್ಲ, ಗಾಡಿ ರಸ್ತೆ ಮೇಲೆ ಇತ್ತಲ್ಲ," ಎಂದು ಅತ್ತೆ ಸಮಾಧಾನ ಹೇಳಿದ್ದು ಅವನಿಗೆ ಸೋಲಿಗಿಂತ ಹೆಚ್ಚು ಉರಿಯಿತು.

ಮರುದಿನ ಒಂದು ಏಳು ಮಹಡಿಯ ಕಟ್ಟಡದಿಂದ ಕರೆ ಬಂತು. ನಾಲ್ಕಕ್ಕೂ ಐದಕ್ಕೂ ನಡುವೆ ಲಿಫ್ಟು ನಿಂತಿದೆ, ಒಳಗೆ ಹಲ್ಲಿನ ಡಾಕ್ಟರು ಸಿಕ್ಕಿಕೊಂಡಿದ್ದಾರೆ, ಮೇಲೆ ಅರ್ಧ ಬಾಯಿ ಜೋಮು ಹಿಡಿಸಿಕೊಂಡ ರೋಗಿ ಕಾಯುತ್ತಿದ್ದಾರೆ. ಅಳಿಯ ಓಡಿಹೋಗಿ ಕೀಲಿ ಹಾಕಿ ಬಾಗಿಲು ಸರಿಸಿ ನೋಡಿದರೆ, ಹಲ್ಲಿನ ಡಾಕ್ಟರು ನೆಲದ ಮೇಲೆ ಕಾಲು ಚಾಚಿ ಕೂತು ಫೋನು ಒತ್ತುತ್ತಿದ್ದಾರೆ.

"ಬನ್ನಿ ಸರ್, ಕೈ ಕೊಡಿ."

"ಒಂದು ನಿಮಿಷ ಇರ್ರೀ, ಕೊನೇ ಸುತ್ತು," ಎಂದರು ಡಾಕ್ಟರು.

ಕೊನೇ ಸುತ್ತು ಮುಗಿಯುವವರೆಗೂ ಅಳಿಯ ಮಂಡಿಯೂರಿ ಕಾದ. ಆಟ ಅದೇ. ಪಾಯಿಂಟು ಅತ್ತೆಯದಕ್ಕಿಂತ ಹೆಚ್ಚು. ಅಳಿಯನಿಗೆ ನಾಚಿಕೆಯೆಲ್ಲ ಗಾಳಿಗೆ ಹೋಯಿತು. ಅಲ್ಲೇ ತನ್ನ ಕಷ್ಟವನ್ನೆಲ್ಲ ತೋಡಿಕೊಂಡ. ಡಾಕ್ಟರು ಕರಗಿದರು.

"ಅಯ್ಯೋ, ಅದಕ್ಕೆಲ್ಲ ಕ್ಯಾಲ್ಕುಲೇಟರ್ ಇದೆ ಕಣ್ರೀ. ನಿಮ್ಮ ಹತ್ರ ಯಾವ ಗಾಡಿ ಇದೆ, ಯಾವ ಲೆವೆಲ್ಲು, ಎಷ್ಟು ಚೀಟಿ, ಎಲ್ಲಾ ತುಂಬಿಸಿದ್ರೆ ಆಯ್ತು. ಯಾವ ಟ್ರ್ಯಾಕಿಗೆ ಯಾವುದು ಹಾಕ್ಬೇಕು, ಯಾವುದರ ಮೇಲೆ ಚೀಟಿ ಸುರೀಬೇಕು, ಅದೇ ಲೆಕ್ಕ ಹಾಕಿ ಹೇಳುತ್ತೆ. ನಾನು ಸ್ವಂತ ಬುದ್ಧಿ ಓಡಿಸೋದು ಬಿಟ್ಟು ಎರಡು ವರ್ಷ ಆಯ್ತು." ಮೇಲೆ ಹತ್ತಿದ ಮೇಲೆ ತಿರುಗಿ ಒಂದು ಮಾತು ಸೇರಿಸಿದರು. "ಒಂದೇ ಷರತ್ತು. ಇದ್ದದ್ದು ಇದ್ದ ಹಾಗೆ ತುಂಬಿಸಬೇಕು."

ಅಳಿಯನಿಗೆ ಈ ಕೊನೆಯ ಮಾತು ಸ್ವಲ್ಪ ಅವಮಾನವೆನಿಸಿತು. ಲಿಫ್ಟಿನ ದಾಖಲೆ ಪುಸ್ತಕವನ್ನು ಹತ್ತೊಂಬತ್ತು ವರ್ಷ ಬರೆದವನಿಗೆ ಫಾರಂ ತುಂಬುವುದನ್ನು ಹೇಳಿಕೊಡುತ್ತಾರಲ್ಲ!

ಮೂರು ಸಂಜೆ ಊಟದ ಮೇಜಿನ ಮೇಲೆ ಅವನು ತುಂಬಿದ. ಮೊದಲು ಎಲ್ಲವನ್ನೂ ಹಳೆಯ ದಾಖಲೆ ಪುಸ್ತಕದ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆದುಕೊಂಡ, ಆಮೇಲೆ ಒಂದೊಂದನ್ನೇ ಫೋನಿಗೆ ಏರಿಸಿದ. ಹದಿನಾಲ್ಕು ಚಾಲಕರು, ಹತ್ತೊಂಬತ್ತು ಗಾಡಿ, ಹನ್ನೊಂದು ಪ್ಯಾರಾಚೂಟು. ಚಾಲಕರಲ್ಲಿ ಒಂದು ಕೋಳಿಯೂ ಇತ್ತು, ಗಾಡಿಗಳಲ್ಲಿ ನಲ್ಲಿ ಸಮೇತ ಒಂದು ಸ್ನಾನದ ತೊಟ್ಟಿಯೂ ಇತ್ತು. ಅವೆರಡನ್ನೂ ಪಟ್ಟಿ ಪೂರ್ತಿಯಾಗಲಿ ಎಂದಷ್ಟೇ ಬರೆದ. ಗುಂಡಿ ಒತ್ತಿದಾಗ ಕ್ಯಾಲ್ಕುಲೇಟರ್ ಗಂಭೀರವಾಗಿ ಅವನಿಗೆ ಆ ಕಪ್ಪು ಕಾರನ್ನೇ ಕೊಟ್ಟಿತು. ನೋಡಿದೆಯಾ, ನನ್ನ ಆಯ್ಕೆಯೇ ಸರಿ ಇತ್ತು ಎಂದು ಅಳಿಯ ಉಬ್ಬಿದ. ಆ ವಾರ ಹದಿನೇಳು ಸಾವಿರ. ಮುಂದಿನ ವಾರ ಹತ್ತೊಂಬತ್ತು. ಅದರ ಮುಂದಿನ ವಾರವೂ ಹತ್ತೊಂಬತ್ತು. ಅತ್ತೆ ಮೂವತ್ತರ ಕೆಳಗೆ ಇಳಿಯಲಿಲ್ಲ.

ಹೀಗೆ ಎಂಟು ವಾರದಲ್ಲಿ ನಾಲ್ಕು ಕೈ ಜಾರಿದವು. ವಾಕರ್ ಮೇಲೆ ಈಗ ಒಂದು ಬೆಡ್‌ಶೀಟೂ ಸೇರಿಕೊಂಡಿತು. ಅಳಿಯನಿಗೆ ಕೆಲಸದ ನಡುವೆಯೂ ಅದೇ ಚಿಂತೆ. ಊಟದ ಬಿಡುವಿನಲ್ಲಿ ತಾರಸಿಯ ಮೇಲಿನ ಲಿಫ್ಟಿನ ಯಂತ್ರದ ಕೋಣೆಯಲ್ಲಿ ಕೂತು, ಮೋಟಾರಿನ ಸದ್ದಿನ ಪಕ್ಕದಲ್ಲಿ, ಒಂದೇ ತಿರುವನ್ನು ನಲವತ್ತು ಸಲ ತಿರುಗಿ ಕಲಿತ. ಬೆರಳು ಪಳಗಿತು, ಪಾಯಿಂಟು ಕದಲಲಿಲ್ಲ. ಅತ್ತೆಯ ಕಾಲು ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿರುವುದು ಹೊದಿಕೆಯ ಮೇಲಿಂದಲೇ ಕಾಣುತ್ತಿತ್ತು. ಬಾಯಿ ಬಿಡುವಂತಿಲ್ಲವಲ್ಲ, ಮಾತು ಕೊಟ್ಟಾಗಿದೆ.

ಗುಟ್ಟು ಒಡೆದದ್ದು ಹೆಂಡತಿ. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ದಿನವಿಡೀ ಬೇರೆಯವರ ಕೈಲಿ ಸಣ್ಣ ಅಕ್ಷರ ಓದಿಸಿ ಓದಿಸಿ, ಎಲ್ಲೇ ಸಣ್ಣ ಅಕ್ಷರ ಕಂಡರೂ ಓದದೆ ಬಿಡುವವಳಲ್ಲ. ಸೋಮವಾರ ಬೆಳಗ್ಗೆ ಟೀ ಲೋಟ ಇಡಲು ಬಂದವಳು ಅಲ್ಲೇ ನಿಂತಳು.

"ರೀ, ಆಟದಲ್ಲಿ ಈ ತೊಟ್ಟಿ ಐದನೇ ಲೆವೆಲ್ ಅಂತ ಇದೆ. ನೀವು ಪುಸ್ತಕದಲ್ಲಿ ನಾಲ್ಕು ಅಂತ ಬರೆದಿದ್ದೀರಲ್ಲ?"

"ಹೌದು. ಒಂದು ಕಮ್ಮಿ."

"ಕೋಳಿನೂ ಅಲ್ಲಿ ಆರು ಇದೆ, ಇಲ್ಲಿ ಐದು ಅಂತಿದೆ. ಅಯ್ಯೋ, ಎಲ್ಲಾನೂ ಒಂದೊಂದು ಕಮ್ಮಿ ಬರೆದಿದ್ದೀರಾ? ಯಾಕೆ?"

ಅಳಿಯನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕೆ ಅಂದ್ರೆ? ಹತ್ತು ಜನ ಹೊರೋ ಲಿಫ್ಟಿಗೆ ಎಂಟು ಜನ ಅಂತ ಬೋರ್ಡ್ ಹಾಕ್ತೀವಿ. ಇರೋದನ್ನ ಇದ್ದ ಹಾಗೇ ಯಾರಾದ್ರೂ ಬರೀತಾರೇನೇ?"

ಹೆಂಡತಿ ಲೋಟ ಇಟ್ಟು ತಲೆ ಚಚ್ಚಿಕೊಂಡಳು. ಆಮೇಲೆ ನಗು ತಡೆಯಲಾರದೆ ಕುರ್ಚಿಯಲ್ಲಿ ಕೂತುಬಿಟ್ಟಳು. ಅಳಿಯನಿಗೆ ಮೊದಲು ಕೋಪ ಬಂತು, ಆಮೇಲೆ ಕಿವಿ ಬಿಸಿಯಾಯಿತು. ಮೂರು ವಾರ ಅವನು ಜಗತ್ತಿನ ಅತಿ ಸುರಕ್ಷಿತ ಸೋಲನ್ನು ಲೆಕ್ಕ ಹಾಕಿಸಿಕೊಂಡಿದ್ದ.

ಗಂಡ ಹೆಂಡತಿ ಇಬ್ಬರೂ ಕೂತು ಎಲ್ಲವನ್ನೂ ತಿದ್ದಿದರು. ಗುಂಡಿ ಒತ್ತಿದ ಕೂಡಲೇ ಕ್ಯಾಲ್ಕುಲೇಟರ್ ಪ್ಲೇಟು ಬದಲಿಸಿತು. ಕಪ್ಪು ಕಾರನ್ನು ಮೂರೂ ಟ್ರ್ಯಾಕಿನಿಂದ ಎತ್ತಿ ಆಚೆ ಹಾಕಿತು. ಐದನೇ ಲೆವೆಲಿನ ಸ್ನಾನದ ತೊಟ್ಟಿ ಎರಡು ಟ್ರ್ಯಾಕಿನಲ್ಲಿ ಫಸ್ಟ್ ಕ್ಲಾಸು, ಇದ್ದ ಚೀಟಿಯನ್ನೆಲ್ಲ ಅದರ ಮೇಲೇ ಸುರಿದರೆ ಮೂರನೆಯದರಲ್ಲೂ ಫಸ್ಟ್ ಕ್ಲಾಸು, ಓಡಿಸಲು ಕೋಳಿಯೇ ಸರಿ ಎಂದಿತು.

"ನನ್ನ ಮರ್ಯಾದೆ?" ಎಂದ ಅಳಿಯ.

"ಅಮ್ಮನ ಕಾಲು," ಎಂದಳು ಹೆಂಡತಿ. ಅಳಿಯ ಚೀಟಿಗಳನ್ನೆಲ್ಲ ತೊಟ್ಟಿಗೆ ಸುರಿದ.

ಆ ವಾರ ಯಂತ್ರದ ಕೋಣೆಯಲ್ಲಿ ಒಂದು ಹೆಲ್ಮೆಟ್ ತೊಟ್ಟ ಕೋಳಿ, ನೊರೆ ಚೆಲ್ಲುವ ತೊಟ್ಟಿಯಲ್ಲಿ ಕೂತು, ಕಂಡಕಂಡವರನ್ನೆಲ್ಲ ಹಿಂದೆ ಹಾಕಿತು. ತಿರುವು ಬಂದಾಗಲೆಲ್ಲ ಅದು ಕೊಕ್ಕೊಕ್ಕೋ ಎನ್ನುತ್ತಿತ್ತು. ಕಟ್ಟಡದ ಕಾವಲುಗಾರ ಎರಡು ಸಲ ಮೇಲೆ ಬಂದು, ಇಲ್ಲೆಲ್ಲಾದರೂ ಕೋಳಿ ಸೇರಿಕೊಂಡಿದೆಯೇ ಎಂದು ವಿಚಾರಿಸಿಕೊಂಡು ಹೋದ. ಶುಕ್ರವಾರದ ಹೊತ್ತಿಗೆ ಅಳಿಯ ಇಪ್ಪತ್ತೊಂಬತ್ತೂವರೆ ಸಾವಿರಕ್ಕೆ ಬಂದು ನಿಂತ. ಅತ್ತೆ ಎರಡು ಟ್ರ್ಯಾಕ್ ಮುಗಿಸಿ ಇಪ್ಪತ್ತೊಂದರಲ್ಲಿದ್ದರು, ಮೂರನೆಯದು ಇನ್ನೂ ಬಾಕಿ. ಆ ಟ್ರ್ಯಾಕಿನಲ್ಲಿ ಹತ್ತು ಸಾವಿರ ಅವರಿಗೆ ಕೈ ತೊಳೆದುಕೊಂಡಷ್ಟೇ ಲೀಲಾಜಾಲ. ಅಳಿಯನಿಗೂ ಅದು ಗೊತ್ತಿತ್ತು. ಕೋಳಿಯೂ ತನ್ನ ಮಿತಿ ಮುಟ್ಟಿಬಿಟ್ಟಿತ್ತು.

ಶನಿವಾರ ಮಧ್ಯಾಹ್ನ ಹೆಂಡತಿ ಅಂಗಡಿಯಲ್ಲಿದ್ದಳು. ಅಳಿಯ ಅತ್ತೆಯ ಮಂಚದ ಪಕ್ಕ ಕೂತು ಟೀ ಕುಡಿಯುತ್ತಿದ್ದ. ಅತ್ತೆ ಫೋನು ಮಗುಚಿ ಇಟ್ಟು, ಇದ್ದಕ್ಕಿದ್ದಂತೆ ಕೇಳಿದರು.

"ಅಳಿಯಂದ್ರೇ, ಲಿಫ್ಟು ಬೀಳುತ್ತಾ?"

"ಇಲ್ಲ ಅತ್ತೆ."

"ಹಗ್ಗ ಹರಿದ್ರೆ?"

"ಒಂದೇ ಹಗ್ಗ ಇರಲ್ಲ, ನಾಲ್ಕೈದು ಇರ್ತವೆ. ಎಲ್ಲಾ ಹರಿದ್ರೂ ಕೆಳಗೊಂದು ಹಿಡಿತ ಇರುತ್ತೆ. ವೇಗ ಜಾಸ್ತಿ ಆಯ್ತು ಅಂದ್ರೆ ಪಕ್ಕದ ಕಂಬಿ ಕಚ್ಕೊಂಡು ನಿಂತುಬಿಡುತ್ತೆ. ಹತ್ತೊಂಬತ್ತು ವರ್ಷದಲ್ಲಿ ಬಿದ್ದ ಲಿಫ್ಟ್ ನಾನು ಒಂದೂ ನೋಡಿಲ್ಲ. ನಿಂತುಹೋಗಿರೋದೇ ನೋಡಿರೋದು."

"ನಿಂತಾಗ ಒಳಗಿರೋರು ಏನ್ ಮಾಡ್ತಾರೆ?"

"ಬಿದ್ದೇಬಿಡ್ತೀವಿ ಅಂತ ಕಿರುಚ್ತಾರೆ. ನಾನು ಹೋಗಿ ಕೈ ಹಿಡ್ಕೊಂಡು ಇಳಿಸ್ಕೋತೀನಿ."

"ಎಷ್ಟು ಹೊತ್ತಾಗುತ್ತೆ ನೀವು ಬರೋಕೆ?"

"ಈ ಕಡೆ ಕಟ್ಟಡ ಆದ್ರೆ ಹತ್ತು ನಿಮಿಷ."

ಅತ್ತೆ ಕಿಟಕಿಯ ಕಡೆ ತಿರುಗಿದರು. "ನಾನು ಬಿದ್ದಾಗ ಮುಕ್ಕಾಲು ಗಂಟೆ ಹಾಗೇ ಬಿದ್ದಿದ್ದೆ. ನೆಲ ಒದ್ದೆ ಇತ್ತು. ಕೂಗಿ ಕೂಗಿ ಗಂಟಲು ಕಟ್ಟಿಹೋಯ್ತು."

"ಗೊತ್ತು ಅತ್ತೆ."

"ನಿಮಗೆ ಗೊತ್ತಿಲ್ಲ," ಎಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅಳಿಯನ ಕೈಯಲ್ಲಿದ್ದ ಟೀ ಆರಿಹೋಯಿತು. ಹಟಮಾರಿ ಮುದುಕಿ ಎಂದು ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡಿದ್ದವನಿಗೆ ಈಗ ತನ್ನ ಮೇಲೇ ಬೇಸರ ಬಂತು. ಸೋಲುವ ಭಯ ಈ ಹೆಂಗಸಿಗೆ ಇರಲೇ ಇಲ್ಲ, ಇದ್ದದ್ದು ಬೀಳುವ ಭಯ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ರೇಸಿನಲ್ಲಿ ಗೆಲ್ಲುತ್ತ ಕೂರುವುದು ಸುಲಭವಾಗಿತ್ತು.

"ಈಗ ಮನೇಲಿ ನಾವಿದ್ದೀವಲ್ಲ ಅತ್ತೆ," ಎಂದ. ಅತ್ತೆ ಫೋನು ಎತ್ತಿಕೊಂಡರು.

ಭಾನುವಾರ ಸಂಜೆ ಆರಕ್ಕೆ ಮೂವರೂ ಮಂಚದ ಸುತ್ತ ಸೇರಿದ್ದರು. ಪಟ್ಟಿ ತೆರೆದುಕೊಂಡಿತು. ಅಳಿಯನಿಗೆ ಇಪ್ಪತ್ತೊಂಬತ್ತು ಸಾವಿರದ ಆರುನೂರು. ಅತ್ತೆಗೆ ಇಪ್ಪತ್ತೊಂಬತ್ತು ಸಾವಿರದ ಮುನ್ನೂರ ಎಂಬತ್ತಾರು. ಹೆಂಡತಿ ಕಿರುಚಿದಳು. ಅಳಿಯ ಹಾರಿದ ರಭಸಕ್ಕೆ ವಾಕರ್ ಮೇಲಿನ ಬೆಡ್‌ಶೀಟು ಕೆಳಗೆ ಬಿತ್ತು.

"ಕೋಳಿ ಕೈಲಿ ಸೋತೆ," ಎಂದರು ಅತ್ತೆ. "ಆ ಟವೆಲೆಲ್ಲಾ ತೆಗೀರಿ. ನಾಳೆ ಬೆಳಗ್ಗೆ ಏಳಕ್ಕೆ."

ಹೊರಗಿನ ಕಾರಿಡಾರು ಲಿಫ್ಟಿನ ಬಾಗಿಲಿನಿಂದ ತುದಿಯ ಕಿಟಕಿಯವರೆಗೆ ಅತ್ತೆಯ ಹೆಜ್ಜೆಯಲ್ಲಿ ಇಪ್ಪತ್ತಾರು. ಎರಡೂ ತುದಿಗೆ ಒಂದೊಂದು ಕುರ್ಚಿ ಹಾಕಿದರು. ಮೊದಲ ದಿನ ಹತ್ತು ಸುತ್ತಿಗೆ ಒಂದೂಕಾಲು ಗಂಟೆ ಹಿಡಿಯಿತು. ಅತ್ತೆಯ ಮೇಲ್ದುಟಿಯಲ್ಲಿ ಬೆವರು. ಅಳಿಯ ಅವರ ಬಲಕ್ಕೆ ಒಂದು ಹೆಜ್ಜೆ ಹಿಂದೆ ನಡೆದ, ಮುಟ್ಟಲಿಲ್ಲ, ದೂರವೂ ಹೋಗಲಿಲ್ಲ. ಕೆಲಸಕ್ಕೆ ಹೋದವನು ಸಿಕ್ಕಿದವರಿಗೆಲ್ಲ ತನ್ನ ಗೆಲುವಿನ ಕಥೆ ಹೇಳಿದ. ಕಾವಲುಗಾರನಿಗೆ ಎರಡು ಸಲ ಹೇಳಿದ. ಹಲ್ಲಿನ ಡಾಕ್ಟರಿಗೆ ಹೇಳಲೆಂದೇ ಏಳು ಮಹಡಿಯ ಆ ಕಟ್ಟಡಕ್ಕೆ ಹೋಗಿ, ಏನೂ ಕೆಟ್ಟಿರದ ಲಿಫ್ಟಿಗೆ ಎಣ್ಣೆ ಬಿಟ್ಟು ಬಂದ. ಕ್ಯಾಲ್ಕುಲೇಟರಿನ ವಿಷಯ ಮಾತ್ರ ಹೇಳುತ್ತ ಹೇಳುತ್ತ ಕಥೆಯೊಳಗೆ ಸಣ್ಣದಾಗುತ್ತ ಹೋಯಿತು.

ಗುರುವಾರ ಸಂಜೆ ಅತ್ತೆ ಕರೆದರು. "ಅಳಿಯಂದ್ರೇ, ಅದೇನೋ ಲೆಕ್ಕ ಹಾಕೋದು ಇಟ್ಕೊಂಡಿದ್ದೀರಂತಲ್ಲ. ಮಗಳು ಹೇಳಿದ್ಲು. ನನಗೂ ಹಾಕ್ಕೊಡಿ."

ಮೋಸ ಎನ್ನುತ್ತಾರೇನೋ ಎಂದು ಅವನು ಹಿಂದೆಮುಂದೆ ನೋಡಿದ. ಆದರೆ ಅತ್ತೆ, ವೇಳಾಪಟ್ಟಿ ನೋಡದೆ ಟಿಕೆಟ್ ಕೊಡುವವರು ದಡ್ಡರು ಎಂದಷ್ಟೇ ಹೇಳಿ ಫೋನು ಅವನ ಕೈಗಿತ್ತರು. ಅವರ ಬಳಿ ಅರವತ್ತೊಂದು ಗಾಡಿ ಇದ್ದವು. ಅಳಿಯ ಈ ಸಲ ಇದ್ದದ್ದನ್ನು ಇದ್ದ ಹಾಗೆಯೇ ತುಂಬಿದ. ಕಳೆದ ವಾರದ ಮೂರು ಟ್ರ್ಯಾಕನ್ನೇ ಕೊಟ್ಟು ಗುಂಡಿ ಒತ್ತಿದ. ಮೊದಲ ಎರಡಕ್ಕೆ ಅತ್ತೆ ಆರಿಸಿದ್ದನ್ನೇ ಕ್ಯಾಲ್ಕುಲೇಟರೂ ಆರಿಸಿತು. ಮೂರನೆಯದಕ್ಕೆ ಕೆಂಪು ರೈಲು ಎಂಜಿನ್ ಎಂದಿತು, ಏಳನೇ ಲೆವೆಲ್, ಫಸ್ಟ್ ಕ್ಲಾಸ್. ಅತ್ತೆಯ ಅಚ್ಚುಮೆಚ್ಚಿನ ಗಾಡಿ ಅದು.

ಅಳಿಯ ಆಟದೊಳಗೆ ಹೋಗಿ ಕಳೆದ ವಾರದ ಪಟ್ಟಿ ತೆರೆದ. ಮೂರನೇ ಟ್ರ್ಯಾಕು, ಭಾನುವಾರ ಸಂಜೆ ಐದು ಗಂಟೆ ಐವತ್ತು ನಿಮಿಷ. ಅತ್ತೆ ಓಡಿಸಿದ್ದು ಕಸದ ಲಾರಿ, ಒಂದನೇ ಲೆವೆಲ್, ಥರ್ಡ್ ಕ್ಲಾಸ್. ಅಂಥ ಗಾಡಿಯಲ್ಲೂ ಅವರು ಎಂಟು ಸಾವಿರ ಮಾಡಿದ್ದರು.

ಅವನು ಎರಡು ಸಲ ನೋಡಿದ. ಕಾವಲುಗಾರ, ಹಲ್ಲಿನ ಡಾಕ್ಟರು, ಎಣ್ಣೆ ಬಿಟ್ಟ ಲಿಫ್ಟು, ಎಲ್ಲ ಒಟ್ಟಿಗೆ ನೆನಪಾಗಿ ಮುಖ ಹುಳ್ಳಗಾಯಿತು. ಅವನು ಗೆದ್ದಿರಲಿಲ್ಲ. ಶನಿವಾರದ ಆ ಟೀ ಆರಿದ ಮೇಲೆ, ತಾನು ನಡೆಯಬೇಕು ಎಂದು ಅತ್ತೆಯೇ ನಿಶ್ಚಯಿಸಿದ್ದರು. ಅದಕ್ಕೊಂದು ಸೋಲು ಬೇಕಿತ್ತು, ಹುಡುಕಿ ತೆಗೆದುಕೊಂಡಿದ್ದರು.

"ಅತ್ತೆ, ಮೂರನೇದಕ್ಕೆ ಈ ಕಸದ ಲಾರಿ..."

"ಕೈ ತಪ್ಪಿತು," ಎಂದರು ಅತ್ತೆ, ಅವನ ಕಡೆ ನೋಡದೆ.

ಮೂವತ್ತೆರಡು ವರ್ಷ ಒಂದು ಟಿಕೆಟೂ ತಪ್ಪದ ಕೈ ಅದು. "ಹೌದಾ," ಎಂದ. "ಆಗುತ್ತೆ." ಪಟ್ಟಿ ಮುಚ್ಚಿ ಫೋನು ಅವರ ಕೈಗೆ ಕೊಟ್ಟ. ಒಳಗೆ ಹೋಗಿ ಹೆಂಡತಿಗೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ಏಳಕ್ಕೆ ಇಬ್ಬರೂ ಕಾರಿಡಾರಿಗೆ ಬಂದರು. ವಾಕರಿನ ರಬ್ಬರು ಕಾಲು ನೆಲಕ್ಕೆ ತಾಗುವ ಸದ್ದು ಮೊದಲ ದಿನದಷ್ಟು ಒರಟಾಗಿರಲಿಲ್ಲ. ಮೇಲಿನ ಮನೆಯವರು ಲಿಫ್ಟಿನಿಂದ ಇಣುಕಿ, ಕೆಳಗಿಳಿದು ಹೋದರು. ಅಳಿಯ ಪ್ರತಿ ಸುತ್ತಿಗೂ ಗಟ್ಟಿಯಾಗಿ ಎಣಿಸುತ್ತಿದ್ದ. ಆರು. ಏಳು. ಎಂಟು. ಅತ್ತೆ ಎಂಟರ ನಂತರ ಒಮ್ಮೆ ಕೂತು ನೀರು ಕುಡಿದರು. ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಅಳಿಯ ಕೈಗಡಿಯಾರ ನೋಡುತ್ತಿದ್ದ, ಎಣಿಸಲಿಲ್ಲ. ಅತ್ತೆ ಮತ್ತೊಮ್ಮೆ ಕಿಟಕಿಯವರೆಗೆ ಹೋಗಿ, ತಿರುಗಿ, ಇಪ್ಪತ್ತಾರು ಹೆಜ್ಜೆ ನಡೆದು ಕುರ್ಚಿಯ ಬಳಿ ಬಂದು ನಿಂತರು.

"ಒಂಬತ್ತು," ಎಂದ ಅಳಿಯ.

ಅತ್ತೆ ಕೂರಲು ಬಗ್ಗಿದವರು ಹಾಗೇ ನಿಂತರು. ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಅಳಿಯ ಲಿಫ್ಟಿನ ಬಾಗಿಲ ಮೇಲೆ ಬರೆದಿದ್ದನ್ನು, ಎಂಟು ಜನ ಮಾತ್ರ ಎನ್ನುವುದನ್ನು, ಮೊದಲ ಸಲ ಓದುವವನ ಹಾಗೆ ಓದುತ್ತಿದ್ದ.

"ಸರಿಯಾಗಿ ಎಣಿಸಿದ್ರಾ ಅಳಿಯಂದ್ರೇ?"

"ಒಂಬತ್ತೇ ಅತ್ತೆ."

"ಹಾಗಾದ್ರೆ ಇನ್ನೊಂದಿದೆ," ಎಂದು ಅತ್ತೆ ವಾಕರ್ ತಿರುಗಿಸಿಕೊಂಡು ಹನ್ನೊಂದನೆಯ ಸುತ್ತಿಗೆ ಹೊರಟರು.